ಕೈಗುಣದ ಡಾಕ್ಟರು

ನಮ್ಮ ಡಾಕ್ಟರ ಕಿವಿಯೊಳಗೆ ಬಿಳಿ ಕೂದಲು ಪೊದೆಯ ಹಾಗೆ ಬೆಳೆದಿತ್ತು. ಸ್ಟೆತಾಸ್ಕೋಪನ್ನು ಅದರೊಳಗೆ ತುರುಕಿಕೊಳ್ಳುವಾಗ ಮುಖ ಹಿಂಡುತ್ತಿದ್ದರು. ಕಾಯಿಲೆ ನಮಗೋ ಅವರಿಗೋ ಅನ್ನಿಸುತ್ತಿತ್ತು. ಎದೆ, ಬೆನ್ನು ನೋಡಿ ಮುಗಿಸಿ, “ಏಮೀ ಲೇದು, ಪೋಮ್ಮಾ” ಅನ್ನುತ್ತಿದ್ದರು. ಏನೂ ಆಗಿಲ್ಲ, ಹೋಗು ಅಂತ. ಶ್ರೀನಿವಾಸಪುರದ ಕಡೆಯ ನಮಗೆ ಕನ್ನಡದಲ್ಲಿ ಜ್ವರ ಬಂದರೂ ತೆಲುಗಿನಲ್ಲೇ ವಾಸಿಯಾಗುವುದು.

ಬಾಗಿಲ ಮೇಲೆ ಒಂದು ಬೋರ್ಡು. ಹೆಸರು, ಎಂ.ಬಿ.ಬಿ.ಎಸ್., ಕೆಳಗೆ ರಿಜಿಸ್ಟರ್ ನಂಬರು, ಬೆಳಿಗ್ಗೆ ಒಂಬತ್ತರಿಂದ ಒಂದು, ಸಂಜೆ ಐದರಿಂದ ಎಂಟು, ಭಾನುವಾರ ರಜೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಕೂಡಿಸಿ ಓದಬಲ್ಲೆ. ಅದರಲ್ಲಿ ಡಿಗ್ರಿ ನಿಜ, ನಂಬರು ನಿಜ, ರಜೆ ಸುಳ್ಳು. ಮುಂದೆ ರೋಗಿಗಳನ್ನು ನೋಡುವ ಶಾಪು, ಹಿಂದೆ ಮನೆ. ಶಾಪು ಮುಚ್ಚಿದರೆ ಜನ ಮನೆ ಬಾಗಿಲಿಗೆ ಹೋಗುತ್ತಿದ್ದರು. ಆ ಮನುಷ್ಯ ತಪ್ಪಿಸಿಕೊಳ್ಳಲು ಮೂರನೇ ಬಾಗಿಲಿರಲಿಲ್ಲ.

ಡಿಗ್ರಿ ನೋಡಿ ಬಂದವರು ಯಾರೂ ಇಲ್ಲ. ಬಂದದ್ದು ಕೈಗುಣಕ್ಕೆ. ಅವರು ಕೊಟ್ಟರೆ ಹತ್ತುವ ಮಾತ್ರೆ ಮೆಡಿಕಲ್ ಸ್ಟೋರಿನವನು ಕೊಟ್ಟರೆ ಹತ್ತದು ಅಂತ ಊರೆಲ್ಲ ನಂಬಿತ್ತು. “ಮಾತ್ರೆ ಒಂದೇ ಕಣ್ರೋ” ಅಂತ ಅವರು ಬೈದರೂ ಯಾರೂ ಕೇಳಲಿಲ್ಲ.

ಕೊರೋನಾ ಕಳೆದ ಮೇಲೆ ಆ ಕೈ ನಡುಗಲು ಶುರುವಾಯಿತು. ಬಿ.ಪಿ. ತೋರಿಸಲು ಹೋದಾಗ ನಾನು ಕಂಡೆ. ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು.

“ಏನ್ ಡಾಕ್ಟ್ರೇ ಅದು?”

“ನರದ ಕಾಯಿಲೆ ಕಣಮ್ಮ. ಕೋಲಾರದಲ್ಲಿ ತೋರಿಸ್ದೆ. ನಾನಿನ್ನು ಸೂಜಿ ಹಿಡೀಬಾರದು. ಯಾವ್ದಾದ್ರೂ ಮಗೂಗೆ ಎಲ್ಲೋ ಚುಚ್ಚಿಬಿಟ್ರೆ?”

“ಬಿಟ್ಬಿಡಿ ಮತ್ತೆ.”

“ಬಿಡೋಕೆ ಬಿಡ್ತಾರಾ ನಿಮ್ಮೋರು?”

ಬಿಡಲಿಲ್ಲ. ಎಂ.ಡಿ. ಓದಿದ ಹುಡುಗಿಯೊಬ್ಬಳನ್ನು ಅವರೇ ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಜನ ಅವಳಿಗೆ ತೋರಿಸಿ, ಅವಳು ಬರೆದ ಮಾತ್ರೆ ಕೊಂಡು, ಸೀದಾ ಹಿಂದಿನ ಮನೆಗೆ ಹೋಗುತ್ತಿದ್ದರು. “ಒಂದ್ಸಲ ನಿಮ್ ಕೈಯಿಂದ ಕೊಡಿ ಸಾ.” ಎಡಗೈ ಚಾಚಿದರೆ, “ಬಲಗೈಲಿ ಸಾ.” ನಡುಗುತ್ತದೆ ಅಂದರೆ, “ಚಳಿ ಸಾ, ಬಿಸಿಲಿಗೆ ಕೂತ್ಕೊಳ್ಳಿ.”

ಒಂದು ಮಧ್ಯಾಹ್ನ ಅವರ ಹೆಂಡತಿಗೆ ಹುಣಸೆಹಣ್ಣು ಕೊಡಲು ಹೋಗಿದ್ದೆ. ಮಾವಿನ ಮಂಡಿಯಲ್ಲಿ ಕೂಲಿ ಮಾಡುವ ಹೆಂಗಸು ಜ್ವರದ ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. ಜೊತೆಗೆ ಅವಳ ಅತ್ತೆ, ಹಿಂದೆ ಇನ್ನಷ್ಟು ಜನ. ಸೂಜಿ, ಮದ್ದು ಎಲ್ಲ ಆ ಹೆಂಗಸರೇ ತಂದಿದ್ದರು. ಅತ್ತೆ ಡಾಕ್ಟರ ಕಾಲು ಹಿಡಿದುಕೊಂಡಳು. “ನೀವೇ ಹಾಕ್ಬೇಕು ಸಾಮಿ.” ಡಾಕ್ಟರು ಬಾಗಿಲ ಕಡೆ ನೋಡಿದರು. ಅಲ್ಲಿ ಜನ. ಶಾಪಿನ ಕಡೆ ನೋಡಿದರು. ಅಲ್ಲೂ ಜನ. ಕಡೆಗೆ ಸೂಜಿ ತಗೊಂಡರು. ಅದರ ಮೊನೆ ಮಗುವಿನ ತೊಡೆಯ ಮೇಲೆ ಅತ್ತ ಇತ್ತ ಓಡಾಡುತ್ತಿತ್ತು. ಅವರ ಹಣೆ ಬೆವೆತಿತ್ತು.

ನಾನು ಅವರ ಮಣಿಕಟ್ಟು ಹಿಡಿದು ಎಲ್ಲರಿಗೂ ಕಾಣುವ ಹಾಗೆ ಎತ್ತಿದೆ. “ನೋಡ್ರೇ, ಕಣ್ಣಿಲ್ವಾ? ಏನ್ ಗುಣ ಐತೆ ಈಗ ಈ ಕೈಯಾಗೆ? ಮಗು ಕಾಲು ಹೋದ್ರೆ ಯಾರೇ ತಂದ್ಕೊಡ್ತಾರೆ?”

“ನೀನ್ಯಾವಳೇ ಕೇಳೋಕೆ?” ಅಂದಳು ಅತ್ತೆ.

“ಯಾವಳೋ ಒಬ್ಳು. ಹೋಗೇ, ಮುಂದ್ಗಡೆ ಓದಿರೋಳು ಕೂತವ್ಳೆ.”

ಕೈ ನನ್ನ ಹಿಡಿತದಲ್ಲೇ ಅದುರುತ್ತಿತ್ತು. ಎಲ್ಲರೂ ನೋಡಿದರು. ಒಬ್ಬೊಬ್ಬರಾಗಿ ಹೊರಟರು.

“ಮರ್ಯಾದೆ ತೆಗೆದ್ಬಿಟ್ಟೆ ಕಣಮ್ಮ” ಅಂದರು ಡಾಕ್ಟರು.

“ಹೂಂ, ತೆಗ್ದೆ” ಅಂದೆ.

ಅವರ ಹೆಂಡತಿ ಎದ್ದು ಬಾಗಿಲಿಗೆ ಚಿಲಕ ಹಾಕಿದರು. ಹಗಲು ಹೊತ್ತು ಆ ಮನೆಯ ಚಿಲಕ ಬಿದ್ದದ್ದು ಅವತ್ತೇ ಮೊದಲಿರಬೇಕು. ಡಾಕ್ಟರು ಕೂತಲ್ಲೇ ನಿದ್ದೆ ಹೋದರು.

ಹೋದ ಯುಗಾದಿಗೆ ಮುಂಚೆ ತೀರಿಕೊಂಡರು. ಜಗಲಿಯಲ್ಲಿ ಮಲಗಿಸಿದ್ದರು. ಜನ ಸಾಲಾಗಿ ಬಂದು ಅವರ ಬಲಗೈ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಬಿಟ್ಟರೆ ಇನ್ನೊಬ್ಬರು ಎತ್ತುವರು. ಒಬ್ಬಳು ಸೆರಗಿನಿಂದ ಮಾತ್ರೆಯ ಪಟ್ಟಿ ತೆಗೆದು ಅವರ ಅಂಗೈಗೆ ಒತ್ತಿದಳು. ನಾನು ಬಟ್ಟೆ ಎಳೆದು ಆ ಕೈ ಮುಚ್ಚಿ, ಅಂಚನ್ನು ನನ್ನ ಮಂಡಿಯ ಕೆಳಗೆ ಸಿಕ್ಕಿಸಿಕೊಂಡು ಕೂತೆ.

“ಒಂದ್ಸಲ ಅಜ್ಜೀ” ಅಂದಳು.

“ಅತ್ಲಾಗಿ ಹೋಗೇ” ಅಂದೆ.

ಹೆಣ ಎತ್ತುವವರೆಗೂ ನಾನು ಅಲ್ಲಿಂದ ಏಳಲಿಲ್ಲ.