ಗೋಡೆಗೆ ಒರಗಿದವರ ಅಳತೆ

ಸೈಕ್ಲೋಕ್ರಾಸ್ ಸೈಕಲ್ ಬೇಕೆಂದು ಎರಡು ವರ್ಷ ಕಾಡಿದವಳು ನಾನು. ಕೆಸರಿನಲ್ಲೂ ಓಡುವ, ದಾರಿ ಕೆಟ್ಟರೆ ಹೆಗಲಿಗೇರಿಸಿಕೊಂಡು ನಡೆಯಬಹುದಾದ ಸೈಕಲ್ ಅದು. ಕೊನೆಗೆ ಗಂಡ ಗಚ್ಚಿಬೌಲಿಯ ಸೈಕಲ್ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ನನ್ನನ್ನು ಗೋಡೆಗೆ ಒರಗಿ ನಿಲ್ಲಲು ಹೇಳಿ, ತೊಡೆಸಂದಿನಿಂದ ಪಾದದವರೆಗೆ ಅಳೆಯಲು ಟೇಪು ಬಿಚ್ಚಿದ. ಗಂಡ ಅಡ್ಡ ಬಂದರು. ತಮ್ಮ ಅಳತೆ ತೆಗೆದುಕೋ ಎಂದು ಅವನಿಗೆ ಹಿಂದಿಯಲ್ಲಿ ಹೇಳಿ ತಾವೇ ಗೋಡೆಗೆ ಒರಗಿದರು.

"ರೀ, ಸೈಕಲ್ ಹೊಡಿಯಾಕಿ ನಾನಲ್ಲೇನ್ರಿ?" ಎಂದೆ.

"ಪರಗಂಡಸು ನಿನ್ನ ಕಾಲಿಗೆ ಟೇಪ್ ಹಿಡೀಬೇಕೇನು? ಸುಮ್ನಿರು. ಸೀಟ್ ಇಳಿಸಿದ್ರ ಆತು."

ನನ್ನ ರವಿಕೆಗೆ ಅಳತೆ ತೆಗೆಯುವ ದರ್ಜಿಯೂ ಪರಗಂಡಸೇ. ಆ ಮಾತು ನನ್ನ ನಾಲಿಗೆಗೆ ಬಂದದ್ದು ಮನೆ ಮುಟ್ಟಿದ ಮೇಲೆ.

ಸೀಟು ಇಳಿಯಿತು, ಫ್ರೇಮ್ ಇಳಿಯಲಿಲ್ಲ. ಅದು ನನಗಿಂತ ಗೇಣುದ್ದ ಎತ್ತರದವರ ಫ್ರೇಮ್. ಸಿಗ್ನಲ್ಲಿನಲ್ಲಿ ನಿಂತರೆ ಮೇಲಿನ ಪೈಪು ತೊಡೆಸಂದಿಗೆ ಒತ್ತುತ್ತದೆ, ಕಾಲು ಮಾತ್ರ ನೆಲಕ್ಕೆ ಎಟುಕುವುದಿಲ್ಲ. ಎರಡು ಸಲ ಬಿದ್ದು ಬಿಟ್ಟುಬಿಟ್ಟೆ.

ಈಗ ಭಾನುವಾರ ಅವರೇ ಹೊಡೆಯುತ್ತಾರೆ. ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ: "ಭಾಳ ಆಸೆಪಟ್ಟಳಂತ ಕೊಡಿಸೀನ್ರಿ. ಆಕಿ ಮುಟ್ಟೂದ ಇಲ್ಲ ನೋಡ್ರಿ."