ಅಜ್ಜನ ಪದಕ

ಬದುಕಿನಲ್ಲಿ ನನಗೆ ಒಂದೇ ಒಂದು ಪದಕವೂ ಬಂದಿಲ್ಲ. ಶಾಲೆಯಲ್ಲಿ ಒಮ್ಮೆ ಗೋಣಿಚೀಲದ ಓಟಕ್ಕೆ ನಿಂತು ಚೀಲದೊಳಗೇ ಬಿದ್ದೆ. ಬಹುಮಾನದ ಬದಲು ಮೊಣಕಾಲಿಗೆ ಟಿಂಚರ್ ಸಿಕ್ಕಿತು. ಇಂಥವನು ಮುಂದೆ ಊರವರ ಪದಕಗಳನ್ನು ಕೂಡಿಹಾಕುವ ಚಟಕ್ಕೆ ಬಿದ್ದದ್ದು ಯಾಕೆಂದು ತಿಳಿಯಲು ಮನಶ್ಶಾಸ್ತ್ರಜ್ಞರು ಬೇಕಿಲ್ಲ, ನನ್ನ ಹೆಂಡತಿಯೇ ಸಾಕು. 'ತಮಗ ಬರಲಿಲ್ಲ, ಮಂದೀದು ಆರಸ್ಕೋತ ಹೊಂಟಾರ' ಎಂದು ಬಂದವರಿಗೆಲ್ಲ ಚಹಾದ ಜೊತೆ ಹೇಳಿಬಿಡುತ್ತಾಳೆ.

ನಾಸಿಕ್ ರೋಡಿನಲ್ಲಿ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ಬೀದರ್ ಕಡೆಯಿಂದ ಬಂದ ನಮ್ಮಪ್ಪ ಹಾಕಿದ್ದು. ಈಗಿನವರು ಗಡಿಯಾರ ಕೆಟ್ಟರೆ ರಿಪೇರಿಗೆ ತರುವುದಿಲ್ಲ, ಎಸೆಯುತ್ತಾರೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಗೆ ಬೇರೆ ಕೆಲಸ ಹುಡುಕಬೇಕಾಯಿತು. ಅದು ಹಳೆಯ ಪದಕ, ಬಿರುದು, ಬಿಲ್ಲೆಗಳ ಹಿಂದೆ ಹೋಯಿತು. ಅದರ ಹಿಂದೆ ನಾನು ಹೋದೆ. ದೌಲತಾಬಾದಿನ ಕೋಟೆಯ ಎದುರು ಕಬ್ಬಿನ ಹಾಲಿನ ಗಾಡಿಯ ಪಕ್ಕ ಬಟ್ಟೆ ಹಾಸಿಕೊಂಡು ಕೂತವರ ಮುಂದೆ ನಾನು ಕುಕ್ಕರಗಾಲಲ್ಲಿ ಕಳೆದ ಭಾನುವಾರಗಳಿಗೆ ಲೆಕ್ಕವಿಲ್ಲ. ಅಲ್ಲಿ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಹೋದ ವರ್ಷ ಎರಕ ಹೊಯ್ದ ಪುರಾತನ ವಸ್ತುಗಳು.

ಬಿಲ್ಲೆಯೆಂದರೆ ಸಣ್ಣ ಮಾತಲ್ಲ. ಚಪರಾಸಿ ಎನ್ನುತ್ತೇವಲ್ಲ, ಆ ಮಾತೇ ಚಪರಾಸಿನಿಂದ ಬಂದದ್ದು. ಚಪರಾಸು ಎಂದರೆ ಅವನು ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಹಿತ್ತಾಳೆಯ ಬಿಲ್ಲೆ. ಅಂದರೆ ಮೊದಲು ಬಿಲ್ಲೆ, ಆಮೇಲೆ ಮನುಷ್ಯ. ಮನ್ಮಾಡ್ ಸ್ಟೇಷನ್ನಿನಲ್ಲಿ ಒಬ್ಬ ಮುದುಕ ಹಮಾಲನ ತೋಳಿನ ಬಿಲ್ಲೆಗೆ ನಾನು ಆಸೆಪಟ್ಟು, ಕೊಡುತ್ತೀಯಾ ಎಂದು ಕೇಳಿದ್ದೆ. ಅವನು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ, ಇದನ್ನು ಬಿಚ್ಚಿಕೊಟ್ಟರೆ ನಾನೂ ನಿಮ್ಮ ಹಾಗೆ ಬರೀ ಪ್ಯಾಸೆಂಜರ್ ಆಗಿಬಿಡುತ್ತೇನಲ್ಲ ಸಾಹೇಬ ಎಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಪದಕಗಳ ವಿಷಯದಲ್ಲಿ ನನ್ನವು ಎರಡೇ ಸೂತ್ರ. ಒಂದು, ಮುಖ ನೋಡಬೇಡ, ಅಂಚು ನೋಡು. ಮುಖದ ಮೇಲೆ ರಾಜ ಇರುತ್ತಾನೆ, ಅವನು ಎಲ್ಲ ಪದಕದ ಮೇಲೂ ಇರುತ್ತಾನೆ. ಗಳಿಸಿದವನ ಹೆಸರು ಇರುವುದು ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಎರಡು, ಗಳಿಸಿದವರು ಇರುವತನಕ ಪದಕ ಅವರ ಎದೆಯ ಮೇಲೇ ಇರಬೇಕು, ನನ್ನಂಥವರ ಪೆಟ್ಟಿಗೆಯಲ್ಲಲ್ಲ. ಈ ಎರಡನ್ನೂ ನಾನು ಅಂಗಡಿಗೆ ಬಂದ ಎಲ್ಲರಿಗೂ ಹೇಳಿ ಹೇಳಿ ಸಾಕುಮಾಡಿದ್ದೇನೆ.

ಇಷ್ಟೆಲ್ಲ ಬಲ್ಲವನ ಪೆಟ್ಟಿಗೆಯಲ್ಲಿ, ನೀಲಿ ಮಖಮಲ್ಲಿನ ನಟ್ಟನಡುವೆ, ಒಂದು ಜಾಗ ಮಾತ್ರ ಖಾಲಿ. ಅದು ನಮ್ಮ ಅಜ್ಜನ ಪದಕದ್ದು. 'ಅಪ್ಪನ ಪದಕ ನೀಲಕ್ಕನ ಹಂತ್ಯಾಕ ಅದ' ಎಂದು ನಮ್ಮಪ್ಪ ನಾನು ಸಣ್ಣವನಿದ್ದಾಗ ಹೇಳುತ್ತಿದ್ದರು. ನೀಲಕ್ಕ ಎಂದರೆ ಅಪ್ಪನ ಅಕ್ಕ, ನನ್ನ ಸೋದರತ್ತೆ. ಸಂಭಾಜಿನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಹೋದಾಗಲೆಲ್ಲ ಕೇಳುತ್ತಿದ್ದೆ. ಜೀವ ಇರೋತನಕ ಅದು ನನ್ನ ಹತ್ರನೇ ಇರಲಿ ಎನ್ನುತ್ತಿದ್ದರು. ಎಲ್ಲೋ ಟ್ರಂಕಿನ ತಳದಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಕಣ್ಣಿಗೆ ಕಾಣದ ಪದಕಕ್ಕೆ ಕಥೆ ಕಟ್ಟುವುದು ಸುಲಭ. ಬೀದರ್, ನಿಜಾಮರ ಕಾಲ, ಪದಕ: ಇವು ಮೂರೂ ಕೂಡಿದರೆ ದರೋಡೆಕೋರರು ತಾವಾಗಿಯೇ ಬರುತ್ತಾರೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನಾನು ಮೊದಲ ಸಲ ಮಾತಾಡಿದಾಗ ಅಜ್ಜ ಹಿಡಿದುಕೊಟ್ಟವರು ಇಬ್ಬರು. ಮುಂದಿನ ಭಾಷಣಗಳಲ್ಲಿ ಐವರಾದರು, ಅವರಿಗೆ ಕುದುರೆಗಳೂ ಬಂದವು. ಈ ಸಲ ಸಂಘದವರು ನನ್ನ ಸಂಗ್ರಹದ ಪ್ರದರ್ಶನವನ್ನೇ ಇಟ್ಟರು. ಅಜ್ಜನ ಪದಕ ತಂದೇ ತರುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟೆ. ಖಾಲಿ ಜಾಗದ ಕೆಳಗಿಡಲು ಮುದ್ದಾದ ಅಕ್ಷರದಲ್ಲಿ ಚೀಟಿಯನ್ನೂ ಬರೆದೆ: 'ಅಜ್ಜನಿಗೆ, ಶೌರ್ಯಕ್ಕಾಗಿ.' ಅಷ್ಟರಲ್ಲಿ, ಹಾಲು ಕೇಳಿದವನಿಗೆ ಹಸುವೇ ಬಂದಂತೆ, ಅತ್ತೆಯ ಫೋನು ಬಂತು. ಬಂದು ತಗೊಂಡು ಹೋಗು ಎಂದರು.

ಹತ್ತಿಬಟ್ಟೆಯ ಕೈಚೀಲ, ಭೂತಗನ್ನಡಿ, ನೋಟುಬುಕ್ಕು, ಚೀಟಿ ಎಲ್ಲ ಹಿಡಿದು ರೈಲು ಹತ್ತಿದೆ. ಅತ್ತೆ ಟ್ರಂಕು ತೆಗೆಯಲಿಲ್ಲ. ಸೆರಗು ಸರಿಸಿ, ಕೊರಳ ಕರಿದಾರ ಎಳೆದು, ತಲೆಯ ಮೇಲಿಂದ ತೆಗೆದು ನನ್ನ ಅಂಗೈಯಲ್ಲಿಟ್ಟರು. ಇಷ್ಟು ವರ್ಷ ನಾನು ಅದರ ಎದುರೇ ಕೂತು ಉಪ್ಪಿಟ್ಟು ತಿಂದಿದ್ದೆ.

ಹಳೆಯ ರೂಪಾಯಿಗಿಂತ ತುಸು ದೊಡ್ಡ ಬೆಳ್ಳಿಬಿಲ್ಲೆ, ಮೇಲೊಂದು ಬೆಸೆದ ಕೊಂಡಿ. ಮುಖ ನುಣ್ಣಗೆ. ನಮ್ಮವರ ಮನೆಯಲ್ಲಿ ಬೆಳ್ಳಿಯನ್ನು ವಿಭೂತಿ ಹಚ್ಚಿ ತಿಕ್ಕುತ್ತಾರೆ. ಪದಕ ಉಜ್ಜುವುದು ಸಂಗ್ರಹ ಮಾಡುವವರ ಶಾಸ್ತ್ರದಲ್ಲಿ ಮಹಾಪಾಪ. ಅತ್ತೆ ಪ್ರತಿ ಸೋಮವಾರ ಆ ಪಾಪ ಮಾಡಿ, ರಾಜನನ್ನೂ ಅವನ ಕಿರೀಟವನ್ನೂ ಒರೆಸಿಹಾಕಿದ್ದರು. ರಾಜನನ್ನು ಓಡಿಸಲು ಚಳವಳಿ ಮಾಡಿದವರು ಇವರನ್ನು ಮೊದಲೇ ಕೇಳಬಹುದಿತ್ತು.

ಅಂಚು ಉಳಿದಿತ್ತು. ಕಣ್ಣಿಗೆ ಗಾಜು ಸಿಕ್ಕಿಸಿ ತಿರುಗಿಸಿದೆ. ಒಂದು ನಂಬರು, 'ಸಿಪಾಯಿ' ಎಂಬ ಮಾತು, ಆಮೇಲೆ ಒಂದು ಹೆಸರು. ನಮ್ಮ ಅಜ್ಜ ಶಿವಲಿಂಗಪ್ಪ. ಅಂಚಿನಲ್ಲಿದ್ದ ಹೆಸರು ಅವರದಲ್ಲ, ನಮ್ಮ ಕಡೆಯದೂ ಅಲ್ಲ. ಎರಡನೆಯ ಸಲ ತಿರುಗಿಸಿದೆ, ಹೆಸರು ಬದಲಾಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ.

"ಅತ್ತೀ, ಇದು ಅಜ್ಜಗ ಯಾರು ಕೊಟ್ಟಿದ್ರಿ?" ಎಂದೆ. ನಿಜಾಮರ ಸರ್ಕಾರದವರೇ ಎಂದೂ ಮೆಲ್ಲಗೆ ಸೇರಿಸಿದೆ.

"ಯಾವ ನಿಜಾಮ?" ಎಂದರು ಅತ್ತೆ. "ನಮ್ಮಪ್ಪ ಬೆಲ್ಲದ ಅಂಗಡಿ ಬಿಟ್ಟು ಎಲ್ಲಿಗೂ ಹೋದಾಂವ ಅಲ್ಲ. ಸಂತ್ಯಾಗ ಹಳೀ ಬೆಳ್ಳಿ ತಂದು, ಪತ್ತಾರನ ಕಡಿಂದ ಕೊಂಡಿ ಹಚ್ಚಿಸಿ, ನನಗ ಪದಕಾ ಮಾಡಿಸ್ಯಾನ."

ಪದಕಾ. ಸರಕ್ಕೆ, ದಾರಕ್ಕೆ ತೂಗಬಿಡುವ ಒಡವೆ. ಬೀದರಿನಿಂದ ಬಂದ ಅಪ್ಪನ ಬಾಯಲ್ಲಿ ಆ ಮಾತಿಗೆ ಇದ್ದದ್ದು ಅದೊಂದೇ ಅರ್ಥ. ನಾಸಿಕ್ಕಿನ ಮರಾಠಿ ಶಾಲೆಯಲ್ಲಿ ಕೂತ ನನ್ನ ಕಿವಿಗೆ ಪದಕವೆಂದರೆ ಕ್ರೀಡಾದಿನದಂದು ಬೇರೆಯವರಿಗೆ ಸಿಗುವ ವಸ್ತು. ಅಪ್ಪ ಕನ್ನಡದಲ್ಲಿ ಹೇಳಿದ್ದನ್ನು ಮಗ ಮರಾಠಿಯಲ್ಲಿ ಕೇಳಿಸಿಕೊಂಡ. ನಡುವೆ ಐವರು ದರೋಡೆಕೋರರು ಕುದುರೆ ಸಮೇತ ಓಡಾಡಿದರು. ಊರವರ ಅಂಚು ಓದುವ ಪಂಡಿತನಿಗೆ ಮನೆಯ ಒಂದು ಮಾತು ಓದಲು ಬರಲಿಲ್ಲ. ನಾಚಿಕೆಯಾಯಿತು, ನಗುವೂ ಬಂತು, ನಾಚಿಕೆಯೇ ಹೆಚ್ಚು.

ಮಾತು ಮರೆಸಲು, ಯಾಕೆ ಮಾಡಿಸಿದರು, ಹಬ್ಬಕ್ಕೋ ಎಂದು ಕೇಳಿದೆ. ಅತ್ತೆ ಎಡಗೈ ಮುಂದೆ ಚಾಚಿದರು. ಮೊಣಕೈಯಲ್ಲಿ ಅದು ತುಸು ಸೊಟ್ಟ. ಹುಟ್ಟಿನಿಂದ ನೋಡಿದ ಕೈ, ನಾನು ಎಂದೂ ಕೇಳಿರಲಿಲ್ಲ.

"ಹುಣಸಿ ಗಿಡದ ಮ್ಯಾಲಿಂದ ಬಿದ್ದು ಕೈ ಮುರಕೊಂಡಿದ್ದೆ. ಆರು ವರ್ಷದಾಕಿ. ಎಲುಬು ಕೂಡಿಸಾಂವ ಜಗ್ಗುವಾಗ ಅಳಲಾರ್ದ ಕುಂತ್ರ ಪದಕಾ ಮಾಡಿಸ್ತೀನಿ ಅಂದ ನಮ್ಮಪ್ಪ. ನಾ ಅಳಲಿಲ್ಲ." ಚಾಚಿದ ಕೈ ಹಿಂದಕ್ಕೆಳೆದುಕೊಂಡು, "ಅಂವನೇ ಅತ್ತ," ಎಂದರು.

ಆಮೇಲೆ, ಈಗ ಕೊರಳಿಗೆ ಭಾರವಾಗುತ್ತದೆ, ನಿನ್ನ ಪೆಟ್ಟಿಗೆಯಲ್ಲಿಡು ಎಂದು ನನ್ನ ಮುಷ್ಟಿ ಮಡಿಚಿದರು. ನಾನು ಮುಷ್ಟಿ ಬಿಡಿಸಿ, ದಾರವನ್ನು ಅವರ ತಲೆಯ ಮೇಲಿಂದ ಮತ್ತೆ ಇಳಿಬಿಟ್ಟೆ. ನನ್ನ ಎರಡನೆಯ ಸೂತ್ರ ಅವರಿಗೆ ಗೊತ್ತಿರಲಿಲ್ಲ, ಹುಚ್ಚ ಎಂದರು. ಅಂಚಿನ ಸಿಪಾಯಿಯ ಹೆಸರನ್ನು ಮಾತ್ರ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಅವನ ಮನೆಯಲ್ಲೂ ಒಬ್ಬ ಮೊಮ್ಮಗ ಹುಡುಕುತ್ತಿರಬಹುದು, ಅವನ ಕಥೆಯಾದರೂ ನಿಜವಿರಬಹುದು.

ವಾಪಸು ಬರುವಾಗ ಮನ್ಮಾಡಿನಲ್ಲಿ ಗಾಡಿ ತುಂಬಾ ಹೊತ್ತು ನಿಂತಿತು. ಚೀಟಿ ಹೊರತೆಗೆದೆ. ಹರಿದುಹಾಕಬೇಕೆಂದೇ ತೆಗೆದದ್ದು. ಓದಿ ನೋಡಿದರೆ ತಪ್ಪು ಅಷ್ಟೇನೂ ದೊಡ್ಡದಿರಲಿಲ್ಲ. ಪೆನ್ನಿನಿಂದ ಒಂದು 'ಗೆ' ಹೊಡೆದುಹಾಕಿ ಮೇಲೆ 'ಂದ' ಬರೆದೆ.

ರಾಜ್ಯೋತ್ಸವದ ದಿನ ಎಲ್ಲರೂ ಖಾಲಿ ಮಖಮಲ್ಲಿನ ಮುಂದೆ ಬಗ್ಗಿ ನಿಂತು ಆ ಚೀಟಿ ಓದಿದರು. ಪದಕ ಎಲ್ಲಿ ಎಂದು ಕೇಳಿದರು. ಗಳಿಸಿದವರು ಹಾಕಿಕೊಂಡಿದ್ದಾರೆ ಎಂದೆ.

'ಅಜ್ಜನಿಂದ, ಶೌರ್ಯಕ್ಕಾಗಿ.'