ಪಡಸಾಲೆಯಲ್ಲೊಂದು ಸಮುದ್ರ

ನಿಲಂಗದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಬಾಗಿಲಿನ ಎಡಕ್ಕೆ, ಜೋಳದ ಚೀಲಗಳನ್ನು ಒರಗಿಸಿಡುವ ಒಂದು ಮೂಲೆಯಿತ್ತು. ಬೆಳಗಿನ ಬಿಸಿಲು ಮೊದಲು ಅಲ್ಲಿಗೇ ಬರುತ್ತಿತ್ತು, ಬೆಕ್ಕು ಅಲ್ಲಿಯೇ ಮಲಗುತ್ತಿತ್ತು, ಮನೆಗೆ ಬಂದವರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತಿತ್ತು; ಏಕೆಂದರೆ ಚೀಲ ನೋಡಿದರೆ ಮನೆಯವರ ಯೋಗಕ್ಷೇಮವನ್ನು ಕೇಳದೆಯೇ ತಿಳಿಯಬಹುದಾಗಿತ್ತು. ಆ ಚೀಲಗಳನ್ನು ಎತ್ತಿಸಿ ನಾನು ಅಲ್ಲಿ ಸಮುದ್ರವನ್ನು ಇಟ್ಟೆ. ನಗಬೇಡಿ. ನನಗಾಗ ಇಪ್ಪತ್ತಾರು ವರ್ಷ, ಊರ ಶಾಲೆಯಲ್ಲಿ ವಿಜ್ಞಾನದ ಮಾಸ್ತರ, ಇನ್ನೂ ಮದುವೆಯಾಗಿರಲಿಲ್ಲ. ಮನುಷ್ಯನನ್ನು ಕೆಡಿಸಲು ಈ ಮೂರರಲ್ಲಿ ಒಂದೇ ಸಾಕು.

ಸರಕಾರದ ತಪ್ಪೂ ಇದರಲ್ಲಿ ಸ್ವಲ್ಪ ಇದೆ. ನಮ್ಮದು ತಲೆತಲಾಂತರದಿಂದ ಕಡಲು ಕಾಣದ ನಾಡು. ನಿಜಾಮರ ರಾಜ್ಯದಲ್ಲಿ ಏನಿದ್ದರೂ ಸಮುದ್ರದ ದಂಡೆಯೊಂದಿರಲಿಲ್ಲ. ಪೋಲೀಸ್ ಕಾರ್ಯಾಚರಣೆ ನಡೆದು ಆ ರಾಜ್ಯ ಹೋದ ಮೇಲೂ ನಮ್ಮ ಭೂಗೋಳ ಇದ್ದಂತೆಯೇ ಇತ್ತು. ಆಮೇಲೆ ಒಂದು ನವೆಂಬರದಲ್ಲಿ ರಾಜ್ಯಗಳನ್ನು ಮುರಿದು ಕಟ್ಟಿದರು. ನಿಲಂಗ, ಉದಗೀರಗಳನ್ನು ಬೀದರದಿಂದ ಬಿಡಿಸಿ ಮುಂಬಯಿ ರಾಜ್ಯಕ್ಕೆ ಸೇರಿಸಿದರು. ಊರಿನಲ್ಲಿ ಕೆಲವರು ಕಣ್ಣೀರು ಹಾಕಿದರು, ಕೆಲವರು ಪೇಢೆ ಹಂಚಿದರು. ನಾನು ಮಾತ್ರ ಶಾಲೆಯ ಗೋಡೆಗೆ ತೂಗುಹಾಕಿದ ಹೊಸ ನಕಾಶೆಯ ಮುಂದೆ ನಿಂತುಬಿಟ್ಟೆ: ಕಚ್ಛದಿಂದ ಕೊಂಕಣದವರೆಗಿನ ಅಷ್ಟೂ ಕಡಲು, ನಾವು ಕೇಳದೆಯೇ, ನಮ್ಮದಾಗಿಬಿಟ್ಟಿತ್ತು! ಉರ್ದುವಿನಲ್ಲಿ ಕಲಿತು, ಮರಾಠಿಯಲ್ಲಿ ಕಲಿಸಬೇಕಾಗಿ ಬಂದು, ಮನೆಯಲ್ಲಿ ಕನ್ನಡ ಮಾತಾಡುವ ನನ್ನಂಥವನಿಗೆ ಹೊಸ ರಾಜ್ಯ ಕೊಟ್ಟ ಒಂದೇ ಸಂತೋಷದ ವಸ್ತು ಅದು. ಕೊಟ್ಟದ್ದನ್ನು ಮನೆಗೆ ತರಬೇಡವೇ ಎಂದುಕೊಂಡೆ.

ನೌಕರಿಯ ಕಾಗದಪತ್ರಗಳಿಗಾಗಿ ಮೊದಲು ಹೈದರಾಬಾದಿಗೆ ಅಲೆಯುತ್ತಿದ್ದ ನಾವು ಈಗ ಮುಂಬಯಿಗೆ ಅಲೆಯತೊಡಗಿದ್ದೆವು. ಹಾಗೆ ಹೋದವನು ಕಚೇರಿಯ ಬಾಗಿಲಲ್ಲಿ ನಿಂತು ಬೇಸತ್ತು, ಮೀನುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಜನರಿಗೆ ತೋರಿಸುವ ಒಂದು ಕಟ್ಟಡವನ್ನು ಹೊಕ್ಕೆ, ಹೊಕ್ಕವನು ಬಾಗಿಲು ಹಾಕುವ ಹೊತ್ತಿನವರೆಗೆ ಹೊರಗೆ ಬರಲಿಲ್ಲ. ಅಲ್ಲಿ ಗಾಜು ಒರೆಸುತ್ತಿದ್ದ ಒಬ್ಬ ಹಿರಿಯ ಕೆಲಸಗಾರ ನನ್ನ ಹುಚ್ಚನ್ನು ಕಂಡು ಕನಿಕರಪಟ್ಟು ಎಲ್ಲವನ್ನೂ ಬಿಡಿಸಿ ಹೇಳಿದ. ಮೊದಲು ಮೀನು ತರಬಾರದು, ಕಲ್ಲು ತರಬೇಕು. ನೀರಿಳಿದಾಗ ಬಂಡೆಗಳ ನಡುವೆ ಸಿಗುವ, ಪಾಚಿ ಹಿಡಿದ, ತೂತುತೂತಾದ ಕಲ್ಲು. ಅದು ಜೀವವಿರುವ ಕಲ್ಲು. ಅದರೊಳಗೆ ಕಾಣುವ ಕಾಣದ ಸಾವಿರ ಪ್ರಾಣಿಗಳು ಮನೆ ಮಾಡಿಕೊಂಡು ನೀರಿನ ಹೊಲಸನ್ನು ತಾವೇ ತಿಂದು ನೀರನ್ನು ಕಾಯುತ್ತವೆ. ನೀರಿಗೆ ಸದಾ ಗಾಳಿ ಸೇರುತ್ತಿರಬೇಕು, ಉಪ್ಪಿನ ಹದ ತಪ್ಪಬಾರದು. ಹದ ತಿಳಿಯುವುದು ಹೇಗೆಂದರೆ, ನಾಲಿಗೆಗೆ ಹಚ್ಚಿ ನೋಡು, ಇಲ್ಲವೇ ಒಂದು ಕೋಳಿಮೊಟ್ಟೆ ಬಿಡು, ತೇಲಿದರೆ ಉಪ್ಪು ಹೆಚ್ಚಾಯಿತೆಂದು ತಿಳಿ ಎಂದ. ನಾನು ಗೋಣು ಹಾಕಿದೆ. ಮೊಟ್ಟೆಯೆಂಬುದು ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಮೀನಿನ ನೀರನ್ನು ನಾಲಿಗೆಗೆ ಹಚ್ಚಿಕೊಂಡವರಂತೂ ನಮ್ಮ ವಂಶದಲ್ಲಿ ಅಂದಿನವರೆಗೆ ಹುಟ್ಟಿರಲಿಲ್ಲ.

ಗಾಜಿನ ಪೆಟ್ಟಿಗೆಯನ್ನು ಉದಗೀರದಲ್ಲಿ ಮಾಡಿಸಿದೆ. ಅಲ್ಲಿ ಪಟಗಳಿಗೆ ಕಟ್ಟು ಹಾಕುವ ಒಬ್ಬ ಮುದುಕನಿದ್ದ. ಕಚೇರಿಗಳಲ್ಲಿ ಹಳೆಯ ದೊರೆಯ ಪಟ ಇಳಿಸಿ ಹೊಸ ನಾಯಕರ ಪಟ ಏರಿಸುವ ಕಾಲದಲ್ಲಿ ಅವನಿಗೆ ಉಸಿರಾಡಲೂ ಪುರಸೊತ್ತಿರಲಿಲ್ಲವಂತೆ. ಹೊಸಬರ ಪಟಗಳು ಅಳತೆಯಲ್ಲಿ ಚಿಕ್ಕವಾದ್ದರಿಂದ ಹಳೆಯ ದೊಡ್ಡ ಗಾಜುಗಳು ಅವನಲ್ಲಿ ಉಳಿದುಬಿಟ್ಟಿದ್ದವು. ಅವನ್ನೇ ಕಬ್ಬಿಣದ ಚೌಕಟ್ಟಿಗೆ ಕೂಡಿಸಿ, ಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಸಂದಿಗಳಿಗೆ ಮೆತ್ತಿ ಕೊಟ್ಟ. “ಇದರಾಗ ಯಾರ ಫೋಟೋ ಇಡಾವ್ರು ಮಾಸ್ತರ?” ಎಂದ. ಸಮುದ್ರದ್ದು ಎಂದೆ. “ಇಡ್ರಿ, ಇಡ್ರಿ. ಅದನ್ನ ಯಾರೂ ಇಳಸಂಗಿಲ್ಲ,” ಎಂದು ನಕ್ಕ.

ಎರಡನೆಯ ಸಲ ಮುಂಬಯಿಗೆ ಹೋದಾಗ ಕಲ್ಲು ತಂದೆ. ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಕಲ್ಲು, ಮುಚ್ಚಳಕ್ಕೆ ಬೆಸುಗೆ ಹಾಕಿಸಿದ ಡಬ್ಬಿಗಳಲ್ಲಿ ಕಡಲ ನೀರು. ಸೊಲ್ಲಾಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಯೆಣೆಗೂರಿನಲ್ಲಿ ಗೋಣಿಚೀಲ ಸೋರಿ ಯಾರದೋ ಧೋತರ ತೊಯ್ದಾಗ ಕಂಡಕ್ಟರನು ಚೀಲದಲ್ಲಿ ಏನಿದೆಯೆಂದು ಕೇಳಿದ. ಕಲ್ಲು ಎಂದೆ. “ಮುಂಬಯಿಲಿಂದ? ನಮ್ಮ ಹೊಲದಾಗ ಕಲ್ಲ ಕಡಿಮಿ ಬಿದ್ದಾವೇನ್ರಿ?” ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಅಂದ. ಉಮರ್ಗಾ ಬರುವವರೆಗೆ ಜನ ನಗುತ್ತಲೇ ಇದ್ದರು.

ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಗುರಮ್ಮತ್ತೆ. ಆಕೆ ನನ್ನ ಅಪ್ಪನ ಅಕ್ಕ, ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿತಂದೆ ಇಲ್ಲದ ನನ್ನನ್ನು ಮೂರು ವರ್ಷದವನಿದ್ದಾಗಿನಿಂದ ಸಾಕಿದವಳು. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಆಕೆಗೆ ಗೊತ್ತೇ ಇರಲಿಲ್ಲ. ಯಾವುದೋ ಮಾತಿಗೆ ಸಿಟ್ಟಾಗಿ ಒಮ್ಮೆ ಬೆಲ್ಲ ಬಿಟ್ಟವಳು ಹನ್ನೊಂದು ವರ್ಷ ಬೆಲ್ಲ ತಿಂದಿರಲಿಲ್ಲ, ಆ ಮಾತು ಏನೆಂಬುದು ಮಾತ್ರ ಆಕೆಗೇ ಮರೆತುಹೋಗಿತ್ತು. ಗಾಜಿನ ಪೆಟ್ಟಿಗೆಯನ್ನು ಕಂಡದ್ದೇ ಸೊಂಟಕ್ಕೆ ಕೈಯಿಟ್ಟು ನಿಂತಳು.

“ತಮ್ಮಾ, ಇದರಾಗ ಮೀನ ಬರ್ತಾವೇನು?”

“ಮೀನಲ್ಲತ್ತಿ. ಫಕ್ತ ಕಲ್ಲು.”

“ಕಲ್ಲಂದ್ರ ಇರ್ಲಿ. ಕಲ್ಲಿನ ಮ್ಯಾಲ ನಂದೇನು ತಕರಾರಿಲ್ಲ.”

ಶೈವರ ಮನೆಯಲ್ಲಿ ಕಲ್ಲಿಗೆ ಇರುವ ಮರ್ಯಾದೆಯನ್ನು ನಾನು ಹೀಗೆ ದುರುಪಯೋಗಪಡಿಸಿಕೊಂಡೆ. ಆದರೆ ಕಲ್ಲು ನನ್ನ ಪರವಾಗಿ ಸುಳ್ಳು ಹೇಳಲು ಒಪ್ಪಲಿಲ್ಲ. ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ ಒಂದು ತೂತಿನಿಂದ ಹುಳುವೊಂದು ತಲೆ ಹೊರಹಾಕಿತು, ನಾಲ್ಕನೆಯ ದಿನ ತೊಗರಿಕಾಳಿನಷ್ಟು ಏಡಿಯೊಂದು ಮನೆಯ ಯಜಮಾನನ ಠೀವಿಯಲ್ಲಿ ಹೊರಗೆ ಬಂದು ಅಡ್ಡಡ್ಡ ತಿರುಗಾಡಿತು, ವಾರದೊಳಗೆ, ಕಲ್ಲಿನ ಬಿಸಿಲು ಬೀಳುವ ಮೈಯ ಮೇಲೆ, ನಾನು ಬರಿಯ ಗಂಟು ಎಂದು ತಿಳಿದಿದ್ದ ಒಂದು ಮೆತ್ತಗಿನ ಉಬ್ಬು ಬಾಯಿಬಿಟ್ಟು ಎಸಳೆಸಳಾಗಿ ಅರಳಿತು. ನಸುಗೆಂಪಿನ ಹೂವು, ಹೂವಲ್ಲ, ಹೂವಿನ ವೇಷದ ಪ್ರಾಣಿ. ನೀರಿನಲ್ಲಿ ಎಸಳುಗಳನ್ನು ಮೆಲ್ಲಗೆ ಆಡಿಸುತ್ತ ಕೂತಿತು.

ಅತ್ತೆ ಅದರ ಮುಂದೆ ಬಹಳ ಹೊತ್ತು ಕೂತಳು. “ತಮ್ಮಾ, ಕಲ್ಲ ಅಂದಿದ್ದಿ,” ಎಂದಳು ಕೊನೆಗೆ.

“ಹೌದತ್ತಿ.”

“ಕಲ್ಲ ಕೈ ಆಡಸ್ಲತ್ತದ.”

ಸುಳ್ಳು ಹೇಳಿದ್ದಕ್ಕೆ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದಳು. “ಎಲ್ಲೋ ಇದ್ದ ಜೀವ ತಂದೀದಿ. ತಂದ ಮ್ಯಾಲ ಅದು ಸಾಯಬಾರ್ದು. ಈ ಹೂವ ನಿನ್ನ ಕೈಯಾಗ ಸತ್ತಿತಂದ್ರ ಈ ಮನ್ಯಾಗ ನಾ ನೀರ ಮುಟ್ಟಂಗಿಲ್ಲ. ಶಿರೂರಕ್ಕ, ತಂಗಿ ಮನಿಗಿ ಹೋಗಿ ಅಲ್ಲೇ ಇದ್ದುಬಿಡ್ತೀನಿ, ನೋಡು!” ಶಿರೂರ ಅನಂತಪಾಳದಲ್ಲಿ ಆಕೆಯ ತಂಗಿಯಿದ್ದಳು. ಬೆಲ್ಲದ ಹನ್ನೊಂದು ವರ್ಷ ನನಗೆ ನೆನಪಾಯಿತು. ಆ ಮನೆಯಲ್ಲಿ ಆಕೆಯಿಲ್ಲದ ಒಂದು ದಿನವನ್ನೂ ನಾನು ಕಂಡಿರಲಿಲ್ಲ, ಕಾಣುವ ಧೈರ್ಯವೂ ನನ್ನಲ್ಲಿರಲಿಲ್ಲ.

ನೀರಿಗೆ ಗಾಳಿ ಸೇರಿಸುವ ಉಪಾಯವನ್ನೂ ಆಕೆಯೇ ಹೇಳಿದಳು. ಬೇಸಿಗೆಯಲ್ಲಿ ಗುಡಿಯ ಲಿಂಗದ ಮೇಲೆ ತೂತಿನ ಗಡಿಗೆ ತೂಗುಬಿಟ್ಟು ಹನಿಹನಿಯಾಗಿ ನೀರು ಬೀಳಿಸುತ್ತಾರಲ್ಲ, ಹಾಗೆಯೇ ಕಟ್ಟು ಎಂದಳು, ಕಟ್ಟಿದೆ. ಪೆಟ್ಟಿಗೆಯ ನೀರನ್ನೇ ತೋಡಿ ಗಡಿಗೆಗೆ ಹಾಕುವುದು, ಬಿಸಿಲಿಗೆ ಆರಿದಷ್ಟನ್ನು ಹೊಸ ನೀರಿನಿಂದ ತುಂಬುವುದು, ಇದು ಆಕೆಯ ದಿನದ ಕೆಲಸವಾಯಿತು. ಮುಗಿದ ಮೇಲೆ ಮೊಣಕೈವರೆಗೆ ಕೈ ತೊಳೆದು ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ನಾನು ಶಾಲೆಗೆ ಹೋದಾಗ ಹೂವಿಗೆ ರೊಟ್ಟಿಯ ಚೂರು ಉಣಿಸಲು ನೋಡಿದಳಂತೆ; ಅದು ಹಿಡಿದುಕೊಂಡು, ವಿಚಾರ ಮಾಡಿ, ಉಗುಳಿತಂತೆ. ಪೇಢೆಗೂ ಅದೇ ಗತಿ. ಆಮೇಲೆ ನಾನು ಕೈಮುಗಿದು ಆ ಅನ್ನದಾನವನ್ನು ನಿಲ್ಲಿಸಿದೆ.

ನೋಡಲು ಊರೆಲ್ಲ ಬಂತು. ಪಕ್ಕದ ಓಣಿಯ ಮಾಳಪ್ಪನೂ ಬಂದ. ಅವನು ಕುರಿ ಸಾಕುವವನು, ಬೀರಪ್ಪನ ಭಕ್ತ, ಪ್ರಾಣಿಗಳ ವಿಷಯದಲ್ಲಿ ಅವನ ಮಾತಿಗೆ ಬೆಲೆಯಿತ್ತು. ಹೆಗಲ ಕಂಬಳಿ ತೆಗೆದಿಟ್ಟು, ಕೂತು, ಪರೀಕ್ಷೆ ಶುರುಮಾಡಿದ. “ಮಾಸ್ತರ, ಇದು ಹಾಲ ಕೊಡ್ತದೇನ್ರಿ?” ಇಲ್ಲ. “ಕಂಬಳಿಗಿ ಉಣ್ಣಿ?” ಇಲ್ಲ. “ಬಾಗಲ ಕಾಯ್ತದೇನು?” ಅದೂ ಇಲ್ಲ. “ಮತ್ತ ಯಾಕ ಸಾಕೀರಿ?” ಚೆಂದ ಕಾಣುತ್ತದೆ ಎಂದೆ. ಮಾಳಪ್ಪ ನನ್ನನ್ನು ಕರುಣೆಯಿಂದ ನೋಡಿ, ಅತ್ತೆಯ ಕಡೆ ತಿರುಗಿ, “ಅವ್ವಾ, ಮಾಸ್ತರಗ ಲಗೂನ ಒಂದು ಲಗ್ನ ಮಾಡ್ರಿ,” ಎಂದು ಎದ್ದು ಹೋದ.

ಹೋಳಿ ಹುಣ್ಣಿಮೆ ಕಳೆದು ನಮ್ಮ ಕಡೆಯ ಬಿಸಿಲು ತನ್ನ ನಿಜವಾದ ಬಣ್ಣ ತೋರಿಸತೊಡಗಿತು. ಪೆಟ್ಟಿಗೆಯ ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ನಾನು ಅಪ್ಪಣೆ ಮಾಡಿದೆ: ಸಮುದ್ರವೆಂದರೆ ಉಪ್ಪು, ಆದ್ದರಿಂದ ತುಂಬುವ ಪ್ರತಿ ಕೊಡ ನೀರಿಗೂ ಉಪ್ಪು ಕದಡಿಯೇ ತುಂಬಬೇಕು. ಅತ್ತೆ ಹಾಗೆಯೇ ಮಾಡಿದಳು. ಸ್ವಾರಸ್ಯವೆಂದರೆ, ಅದೇ ವಾರ ನಾನು ಶಾಲೆಯಲ್ಲಿ ಆವಿಯ ಪಾಠ ಹೇಳುತ್ತಿದ್ದೆ. ನೀರು ಹಾರಿಹೋಗುತ್ತದೆ, ಉಪ್ಪು ಉಳಿಯುತ್ತದೆ ಎಂದು ಹಲಗೆಯ ಮೇಲೆ ಬರೆದು, ನಲವತ್ತು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿ, ಕೈಯ ಸೀಮೆಸುಣ್ಣ ಝಾಡಿಸಿಕೊಂಡು ಮನೆಗೆ ಬಂದು ಉಪ್ಪು ಕದಡಿಸುತ್ತಿದ್ದೆ. ಆ ಪಾಠವನ್ನು ನಾನು ಉರ್ದುವಿನಲ್ಲಿ ಕಲಿತಿದ್ದೆ, ಮರಾಠಿಯಲ್ಲಿ ಕಲಿಸುತ್ತಿದ್ದೆ. ಪಡಸಾಲೆಯಲ್ಲಿ ನಡೆಯುತ್ತಿದ್ದುದು ಕನ್ನಡ. ಅಲ್ಲಿಯವರೆಗೆ ವಿಜ್ಞಾನ ಇನ್ನೂ ಬಂದು ಮುಟ್ಟಿರಲಿಲ್ಲ.

ಮೊದಲು ಏಡಿ ತೂತಿನೊಳಗೆ ಹೋಗಿ ಕೂತಿತು. ಆಮೇಲೆ ಹೂವು ಒಂದು ಬೆಳಿಗ್ಗೆ ಅರ್ಧವೇ ಅರಳಿತು, ಮರುದಿನ ಅಷ್ಟೂ ಇಲ್ಲ, ಅದರ ಮರುದಿನ ಮುದುಡಿ ನೆಲ್ಲಿಕಾಯಿಯಷ್ಟಾಗಿ ಕಲ್ಲಿಗೆ ಅಂಟಿತು. ಉಪ್ಪು ಸಾಲದೆಂದು ನಾನು ಇನ್ನೊಂದು ಹಿಡಿ ಹೆಚ್ಚು ಹಾಕಿಸಿದೆ. ಮುಂಬಯಿಯ ಆ ಕೆಲಸಗಾರನಿಗೆ ಕಾಗದ ಬರೆದೆ, ಉತ್ತರ ಬರಲಿಲ್ಲ. ಒಂದು ಸಂಜೆ ಶಾಲೆಯಿಂದ ಬಂದರೆ, ಒಳಬಾಗಿಲ ಪಕ್ಕದಲ್ಲಿ ಒಂದು ಗಂಟು: ಎರಡು ಸೀರೆ, ಒಂದು ಕೌದಿ, ವಿಭೂತಿಯ ಡಬ್ಬಿ. ಶಿರೂರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಅತ್ತೆ ಮಾಳಪ್ಪನನ್ನು ಕೇಳಿದ್ದಳಂತೆ. ಅಂದಿನಿಂದ ನನಗೆ ಊಟ ಸೇರಲಿಲ್ಲ. ತಡೆಯುವ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಬೇಡಿಕೊಳ್ಳುವುದು ನನಗೂ ಬರುತ್ತಿರಲಿಲ್ಲ, ಸೋಲುವುದು ಆಕೆಗೂ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಬೇರೆಬೇರೆಯಾಗಿ ಎದ್ದು ಬಂದು ಹೂವು ಸತ್ತಿದೆಯೋ ಇದೆಯೋ ನೋಡಿ, ಒಬ್ಬರನ್ನೊಬ್ಬರು ನೋಡದೆ ಹೋಗುತ್ತಿದ್ದೆವು.

ಹೀಗೆ ಒಂದು ವಾರ ದಾಟಿದ ಮೇಲೆ, ಒಂದು ಬೆಳಿಗ್ಗೆ, ಹೂವು ಬಿಚ್ಚಿಕೊಂಡಿತು. ಸ್ವಲ್ಪ ಅಲ್ಲ, ಪೂರ್ತಿ. ಏಡಿಯೂ ಹೊರಬಂದು ಅಡ್ಡಡ್ಡ ಓಡಾಡಿತು. ನನ್ನ ಹಿಗ್ಗು ಕೇಳಬೇಡಿ! ದಾರಿಯಲ್ಲಿ ಹೋಗುತ್ತಿದ್ದ ಮಾಳಪ್ಪನನ್ನು ಕೈಹಿಡಿದು ಎಳೆತಂದು, ಉಪ್ಪಿನ ಹದವೆಂದರೇನು, ಅದನ್ನು ಕಾಯಲು ಎಂಥ ತಿಳುವಳಿಕೆ ಬೇಕು ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಅವನು ಹೋದ ಮೇಲೂ ನಿಲ್ಲಲಿಲ್ಲ. “ನೋಡತ್ತಿ, ಆ ಇನ್ನೊಂದು ಹಿಡಿ ಉಪ್ಪ ಹಾಕ್ದೆವಲ್ಲ, ಅದೇ ಕೆಲಸ ಮಾಡ್ತು.”

ಅತ್ತೆ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. “ಎಂಟ ದಿನಾ ಆತು, ನಾ ಉಪ್ಪ ಹಾಕಿಲ್ಲ.”

“ಅಂದ್ರ?”

“ದಿನಾ ಒಂದು ಕೊಡ ಉಪ್ಪನೀರ ತೆಗದು ಚೆಲ್ಲಿ, ಬರೇ ಬಾವಿ ನೀರ ಹಾಕ್ಲತೀನಿ. ಸಾರ ಕುದ್ದು ಕುದ್ದು ಇಳೀತಂದ್ರ ಉಪ್ಪಾಗ್ತದ. ಅದಕ್ಕ ಯಾರರೆ ಮತ್ತ ಉಪ್ಪ ಹಾಕ್ತಾರೇನು? ನೀರ ಹಾಕ್ತಾರ. ಇಷ್ಟ ಭಿ ಬರದಿಲ್ಲೇನು ನಿನ್ನ ಪುಸ್ತಕದಾಗ?”

ಬರೆದಿತ್ತು. ಹಲಗೆಯ ಮೇಲೂ ಬರೆದಿದ್ದೆ. ಆ ನಲವತ್ತು ಮಕ್ಕಳ ಧ್ವನಿ ಕಿವಿಯಲ್ಲಿ ಕೇಳಿ ಮುಖ ಬಿಸಿಯಾಯಿತು. ಆದರೂ ಮಾಸ್ತರನ ಬುದ್ಧಿ ಅಷ್ಟು ಬೇಗ ಸಾಯುತ್ತದೆಯೇ? “ಉಪ್ಪ ಹೆಚ್ಚಾಗ್ಯದ ಅಂತ ನಿನಗ ಹ್ಯಾಂಗ ತಿಳೀತು?” ಎಂದು ಕೇಳಿದೆ.

ಆಕೆಯ ಕೈ ಮೊರದ ಮೇಲೆ ನಿಂತಿತು.

“ನೆಕ್ಕಿ ನೋಡ್ದೆ.”

ಏಡಿ ಓಡಾಡಿದ, ಹುಳು ಹರಿದ ನೀರು. ಕೈ ತಾಗಿದರೆ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದವಳು ಅದನ್ನು ಬೆರಳಿನಲ್ಲಿ ತೆಗೆದು ನಾಲಿಗೆಯ ಮೇಲಿಟ್ಟುಕೊಂಡಿದ್ದಳು. ಯಾರಿಗೂ ಹೇಳದೆ, ನನ್ನ ಅಪ್ಪಣೆಯನ್ನು ಮೀರಿ, ತನ್ನ ಲಿಂಗದ ಮುಂದೆ ಅದಕ್ಕೇನು ಹೇಳಿಕೊಂಡಳೋ. ಹೂವಿನ ಮೇಲಿನ ಕರುಣೆಯೆಂದು ನಾನು ಮೊದಲು ತಿಳಿದೆ. ಆಮೇಲೆ ಒಳಬಾಗಿಲ ಕಡೆ ನೋಡಿದೆ. ಗಂಟು ಇರಲಿಲ್ಲ. ಕೌದಿ ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಬಿದ್ದಿತ್ತು.

“ಮತ್ತ ಶಿರೂರಕ್ಕ ಹೋಗ್ತೀನಿ ಅಂದಿದ್ದಿ?” ಎಂದೆ.

ಅತ್ತೆ ಮೊರ ಕೊಡವಿ, ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು.

“ಏನ್ ಹೋಗ್ಲಿ, ಮಾರಾಯಾ. ನನ್ನ ತಂಗಿ ಸಾರಿಗಿ ಉಪ್ಪೇ ಹಾಕಂಗಿಲ್ಲ.”